ಹೊಟ್ಟೆಯ ಬೊಜ್ಜು, ರಕ್ತದ ಹರಿವು

ಮೈಸೂರಿನ ಅಗ್ರಹಾರದಲ್ಲಿ ಮಹಾತ್ಮ ಗಾಂಧಿ ರಸ್ತೆಯ ಒಂದು ಬದಿಗೆ ಜೆಎಸ್‌ಎಸ್ ಆಸ್ಪತ್ರೆ, ಎದುರು ಬದಿಗೆ ತರಕಾರಿ ಮಾರುಕಟ್ಟೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದವರು ಹಾಗೆಯೇ ರಸ್ತೆ ದಾಟಿ ಸೊಪ್ಪು ಕೊಂಡು ಮನೆಗೆ ಹೋಗಬಹುದು. ಇಂಥ ಕಡೆ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ರಕ್ತ ಗಟ್ಟಿಯಾಗಿದೆಯಂತೆ, ತೆಳು ಮಾಡೋಕೆ ಮಾತ್ರೆ ಕೊಟ್ಟಿದ್ದಾರೆ."

ಈ ಮಾತಿನಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ರಕ್ತ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದು ಒಂದು, ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬುದು ಇನ್ನೊಂದು. ಮೈಯಲ್ಲಿ ಬೊಜ್ಜು ಹೆಚ್ಚಿದಾಗ ಎರಡೂ ಕೆಡುತ್ತವೆ, ಜೊತೆಗೆ ರಕ್ತನಾಳವೂ ಕೆಡುತ್ತದೆ. ಆದರೆ ಎಲ್ಲ ಬೊಜ್ಜೂ ಒಂದೇ ಅಲ್ಲ. ತೊಡೆಯ, ತೋಳಿನ ಕೊಬ್ಬಿಗಿಂತ ಕರುಳಿನ ಸುತ್ತ, ಹೊಟ್ಟೆಯ ಒಳಗೆ ಕೂತ ಕೊಬ್ಬು ಹೆಚ್ಚು ಅಪಾಯಕಾರಿ. ಅಂಥ ಕೊಬ್ಬು ನಮ್ಮ ಕಡೆಯವರಿಗೆ, ನೋಡಲು ಸಣ್ಣಗಿರುವವರಿಗೂ, ಸುಲಭವಾಗಿ ಬರುತ್ತದೆ. ಇದನ್ನು ತೋರಿಸಿಕೊಟ್ಟ ಅಧ್ಯಯನಗಳಲ್ಲಿ ಮುಖ್ಯವಾದುದೊಂದು ಮೈಸೂರಿನಲ್ಲೇ ನಡೆದಿದೆ.

ಮಂದತೆಯನ್ನು ನಿರ್ಧರಿಸುವುದು ಯಾವುದು?

ದ್ರವವೊಂದು ಹರಿಯಲು ತೋರುವ ಪ್ರತಿರೋಧಕ್ಕೆ ವಿಜ್ಞಾನದ ಪುಸ್ತಕಗಳಲ್ಲಿ ಸ್ನಿಗ್ಧತೆ ಎನ್ನುತ್ತಾರೆ. ದೇಹದ ಉಷ್ಣತೆಯಲ್ಲಿ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರಿನ ಸ್ನಿಗ್ಧತೆ ಸುಮಾರು 0.7 ಮಿಲಿಪಾಸ್ಕಲ್-ಸೆಕೆಂಡ್. ಕಣಗಳನ್ನು ತೆಗೆದ ಪ್ಲಾಸ್ಮಾದ್ದು ಸುಮಾರು 1.2. ಕಣಗಳ ಸಮೇತ ಇಡೀ ರಕ್ತದ್ದು, ಜೋರಾಗಿ ಹರಿಯುವಾಗ, 3ರಿಂದ 4. ನೀರಿಗೆ ಹೋಲಿಸಿದರೆ ರಕ್ತ ನಾಲ್ಕೈದು ಪಟ್ಟು ಮಂದ.

"ಜೋರಾಗಿ ಹರಿಯುವಾಗ" ಎಂದದ್ದಕ್ಕೆ ಕಾರಣವಿದೆ. ನೀರಿನ ಸ್ನಿಗ್ಧತೆ ಹರಿವಿನ ವೇಗಕ್ಕೆ ತಕ್ಕಂತೆ ಬದಲಾಗುವುದಿಲ್ಲ, ರಕ್ತದ್ದು ಬದಲಾಗುತ್ತದೆ. ಮಹಾಪಧಮನಿಯಲ್ಲಿ ನುಗ್ಗುವಾಗ ತೆಳುವಾಗಿರುವ ಅದೇ ರಕ್ತ, ಕಾಲಿನ ಅಭಿಧಮನಿಯಲ್ಲಿ ನಿಧಾನಗೊಂಡಾಗ ಹಲವು ಪಟ್ಟು ಮಂದವಾಗುತ್ತದೆ. ಹಾಗಾಗಿ "ನನ್ನ ರಕ್ತದ ದಪ್ಪ ಎಷ್ಟು?" ಎಂದು ಕೇಳಿದರೆ ಒಂದೇ ಅಂಕಿಯ ಉತ್ತರ ಸಿಗುವುದಿಲ್ಲ. ಸಾಮಾನ್ಯ ಲ್ಯಾಬುಗಳಲ್ಲಿ ಈ ಪರೀಕ್ಷೆಯನ್ನು ಮಾಡುವುದೂ ಇಲ್ಲ.

ಮಂದತೆಯಲ್ಲಿ ದೊಡ್ಡ ಪಾಲು ಕೆಂಪುಕಣಗಳದ್ದು. ಒಟ್ಟು ರಕ್ತದಲ್ಲಿ ಅವು ಎಷ್ಟು ಭಾಗ ಎಂಬುದು ರಕ್ತಪರೀಕ್ಷೆಯ ವರದಿಯಲ್ಲಿ ಪಿಸಿವಿ ಎಂಬ ಹೆಸರಿನಲ್ಲಿರುತ್ತದೆ. ಗಂಡಸರಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 40ರಿಂದ 50, ಹೆಂಗಸರಲ್ಲಿ 36ರಿಂದ 46. ಕಣಗಳು ಒಂದಕ್ಕೊಂದು ಅಂಟುತ್ತವೆಯೇ, ಇಕ್ಕಟ್ಟಿನಲ್ಲಿ ಬಾಗುತ್ತವೆಯೇ, ಪ್ಲಾಸ್ಮಾದಲ್ಲಿ ಯಾವ ಪ್ರೋಟೀನು ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪ್ರೋಟೀನುಗಳಲ್ಲಿ ಫೈಬ್ರಿನೋಜನ್ ಎಂಬುದನ್ನು ವಿಶೇಷವಾಗಿ ನೆನಪಿಡಬೇಕು. ನೂರು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಅದು ಬರೀ 200ರಿಂದ 400 ಮಿಲಿಗ್ರಾಂ. ಆಲ್ಬುಮಿನ್ ಇದರ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ಆದರೂ ಫೈಬ್ರಿನೋಜನ್ನಿನ ಅಣು ಉದ್ದನೆಯದಾದ್ದರಿಂದ, ಸ್ವಲ್ಪ ಹೆಚ್ಚಿದರೂ ಪ್ಲಾಸ್ಮಾ ಮಂದವಾಗುತ್ತದೆ.

ಕೊಬ್ಬು ಕೆಲಸ ಮಾಡುವ ಅಂಗ

ಬೊಜ್ಜು ಎಂದರೆ ಉಳಿದ ಅನ್ನ ಕೊಬ್ಬಾಗಿ ಶೇಖರವಾದದ್ದು, ಅಷ್ಟೇ ಎಂದು ವೈದ್ಯಲೋಕವೂ ಬಹುಕಾಲ ತಿಳಿದಿತ್ತು. 1990ರ ದಶಕದಲ್ಲಿ ಈ ತಿಳಿವಳಿಕೆ ಬದಲಾಯಿತು. ಉರಿಯೂತ ಹುಟ್ಟಿಸುವ ಟಿಎನ್‌ಎಫ್-ಆಲ್ಫಾ ಎಂಬ ರಾಸಾಯನಿಕ ಕೊಬ್ಬಿನಿಂದಲೇ ಬರುತ್ತದೆ ಎಂದು 1993ರಲ್ಲಿ ಗೊತ್ತಾಯಿತು. ಮರುವರ್ಷ ಜೆಫ್ರಿ ಫ್ರೀಡ್‌ಮನ್ ತಂಡ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಕೊಬ್ಬು ಒಂದು ಗ್ರಂಥಿಯಂತೆ ಕೆಲಸ ಮಾಡುತ್ತದೆ ಎಂಬುದು ಅಂದಿನಿಂದ ಖಚಿತವಾಯಿತು.

ಕೊಬ್ಬಿನ ಕೋಶ ಉಬ್ಬುತ್ತಾ ಹೋದಾಗ ಅದಕ್ಕೆ ಆಮ್ಲಜನಕ ಸಾಲುವುದಿಲ್ಲ, ಕೆಲವು ಕೋಶಗಳು ಸಾಯುತ್ತವೆ. ಸತ್ತ ಕೋಶಗಳನ್ನು ತೆಗೆಯಲು ಬಂದ ಬಿಳಿರಕ್ತಕಣಗಳು ಅಲ್ಲೇ ಬೀಡುಬಿಡುತ್ತವೆ. ಎರಡೂ ಸೇರಿ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ವಿಶ್ರಾಂತಿಯಲ್ಲಿರುವಾಗ ರಕ್ತದಲ್ಲಿ ಸುತ್ತುವ ಇಂಟರ್‌ಲ್ಯೂಕಿನ್-6ರಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬಿನಿಂದಲೇ ಬಂದದ್ದು. ಕರುಳಿನ ಸುತ್ತಲಿನ ಕೊಬ್ಬಿನ ರಕ್ತ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಹೊಟ್ಟೆಯ ಕೊಬ್ಬು ತೊಡೆಯ ಕೊಬ್ಬಿಗಿಂತ ಕೆಟ್ಟದ್ದು ಎನ್ನಲು ಇದೂ ಒಂದು ಕಾರಣ.

ಯಕೃತ್ತಿಗೆ ಈ ಸಂದೇಶದ ಅರ್ಥ ಒಂದೇ: ದೇಹಕ್ಕೆ ಎಲ್ಲೋ ಗಾಯವಾಗಿದೆ, ಸೋಂಕು ತಗುಲಿದೆ. ಗಾಯ ಮುಚ್ಚಲು ಬೇಕಾದ ಸಾಮಗ್ರಿಯನ್ನು ಅದು ತಯಾರಿಸತೊಡಗುತ್ತದೆ. ಆ ಸಾಮಗ್ರಿಯೇ ಫೈಬ್ರಿನೋಜನ್. ಸಿಆರ್‌ಪಿ ಎಂಬ ಇನ್ನೊಂದು ಪ್ರೋಟೀನೂ ಏರುತ್ತದೆ. ಗಾಯವೇ ಇಲ್ಲದ ಮೈಯಲ್ಲಿ, ಗಾಯಾಳುವಿನ ರಕ್ತಕ್ಕೆ ಹತ್ತಿರದ ರಕ್ತ ವರ್ಷಗಟ್ಟಲೆ ಹರಿಯುತ್ತದೆ. ಜ್ವರವಿಲ್ಲ, ನೋವಿಲ್ಲ. ಅದಕ್ಕೇ ಇದು ನಮ್ಮ ಗಮನಕ್ಕೆ ಬರುವುದಿಲ್ಲ.

ಇದರ ಜೊತೆ ಕೊಬ್ಬು ಪಿಎಐ-1 ಎಂಬ ಪ್ರೋಟೀನನ್ನೂ ಸ್ರವಿಸುತ್ತದೆ. ನಮ್ಮ ರಕ್ತನಾಳಗಳಲ್ಲಿ ಸಣ್ಣಪುಟ್ಟ ಹೆಪ್ಪುಗಳು ಮೂಡುವುದೂ ಕರಗುವುದೂ ನಡೆದೇ ಇರುತ್ತದೆ. ಪಿಎಐ-1 ಆ ಕರಗುವಿಕೆಗೆ ಅಡ್ಡಬರುತ್ತದೆ. ಎಲ್ಲರಲ್ಲೂ ಇದರ ಮಟ್ಟ ಬೆಳಗಿನ ಜಾವ ಏರುತ್ತದೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿ ಹೆಚ್ಚಿರುವುದಕ್ಕೆ ಕೊಡುವ ಕಾರಣಗಳಲ್ಲಿ ಇದೂ ಸೇರಿದೆ. ಹೊಟ್ಟೆಯ ಬೊಜ್ಜಿರುವವರಲ್ಲಿ ಮಟ್ಟ ಮೊದಲೇ ಮೇಲಿರುತ್ತದೆ.

ಇಎಸ್‌ಆರ್ ಕೊಳವೆಯಲ್ಲಿ ಕಾಣುವುದು

ಫೈಬ್ರಿನೋಜನ್ನಿನ ಕೆಲಸವನ್ನು ಕಣ್ಣಾರೆ ನೋಡಬೇಕಾದರೆ ಇಎಸ್‌ಆರ್ ಪರೀಕ್ಷೆಯನ್ನು ಗಮನಿಸಬೇಕು. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಗುರುತು ಹಾಕಿದ ಸಪೂರ ಗಾಜಿನ ಕೊಳವೆಗೆ ಏರಿಸಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಬಿಡುತ್ತಾರೆ. ಮೊದಲು ಕೊಳವೆಯ ತುಂಬ ಒಂದೇ ಕೆಂಪು. ಬರಬರುತ್ತ ತುದಿಯಲ್ಲಿ ತಿಳಿಹಳದಿ ಪ್ಲಾಸ್ಮಾ ಬಿಟ್ಟುಕೊಳ್ಳುತ್ತದೆ, ಕೆಂಪು ಕೆಳಗಿಳಿಯುತ್ತದೆ. ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿಯಿತೋ ಅದೇ ಇಎಸ್‌ಆರ್. ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ಗರ್ಭಿಣಿಯರ ರಕ್ತದಲ್ಲಿ ಈ ಇಳಿತ ಬೇಗ ಆಗುವುದನ್ನು ಬರೆದರು. ಅದೇ ದೇಶದ ವೆಸ್ಟರ್‌ಗ್ರೆನ್ ರೂಪಿಸಿದ ಕೊಳವೆ ಇಂದಿಗೂ ಬಳಕೆಯಲ್ಲಿದೆ.

ಕಣಗಳು ಬಿಡಿಬಿಡಿಯಾಗಿದ್ದರೆ ನಿಧಾನ ಇಳಿಯುತ್ತವೆ. ಅವುಗಳ ಹೊರಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಫೈಬ್ರಿನೋಜನ್ ಹೆಚ್ಚಿದಾಗ ಅದರ ಉದ್ದನೆಯ ಅಣುಗಳು ಕಣಕ್ಕೂ ಕಣಕ್ಕೂ ಸೇತುವೆಯಾಗಿ, ಕಣಗಳು ಪೇರಿಸಿಟ್ಟ ನಾಣ್ಯಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ಆ ಸಾಲುಗಳು ಭಾರವಾಗಿ ಬೇಗ ಇಳಿಯುತ್ತವೆ. ಕೊಳವೆಯಲ್ಲಿ ಆಗುವ ಈ ಪೇರಿಕೆಯೇ ಮೈಯೊಳಗೆ ಹರಿವು ನಿಧಾನವಿರುವ ಸಣ್ಣ ಅಭಿಧಮನಿಗಳಲ್ಲೂ ಆಗುತ್ತದೆ. ವೇಗದ ಹರಿವು ಸಾಲುಗಳನ್ನು ಮತ್ತೆ ಬಿಡಿಸುತ್ತದೆ. ಬೊಜ್ಜಿರುವವರ ರಕ್ತದಲ್ಲಿ ಸಾಲುಗಳು ಬೇಗ ಕಟ್ಟುತ್ತವೆ, ಬಿಡಿಸಲು ಹೆಚ್ಚು ಬಲ ಬೇಕಾಗುತ್ತದೆ.

ಇಎಸ್‌ಆರ್ ಏರಿದ ಮಾತ್ರಕ್ಕೆ ಬೊಜ್ಜೇ ಕಾರಣ ಎನ್ನುವಂತಿಲ್ಲ. ಸೋಂಕು, ವಯಸ್ಸು, ಬಸಿರು, ರಕ್ತಹೀನತೆ ಎಲ್ಲದರಲ್ಲೂ ಅದು ಏರುತ್ತದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಬೊಜ್ಜಿನ ಉರಿಯೂತ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಏರಿಸಿ, ಕರುಳು ಕಬ್ಬಿಣ ಹೀರುವುದನ್ನೂ ತಗ್ಗಿಸುತ್ತದೆ. ಹಾಗಾಗಿ ದಪ್ಪಗಿರುವ ಹೆಂಗಸಿಗೆ ಒಟ್ಟಿಗೇ ಎರಡೂ ಇರಬಹುದು: ಕೆಂಪುಕಣ ಕಡಿಮೆ, ಪ್ಲಾಸ್ಮಾ ಮಂದ. ಇಡೀ ರಕ್ತದ ಸ್ನಿಗ್ಧತೆ ಅಳೆದರೆ ಸರಿಯಾಗಿರುವಂತೆ ತೋರುತ್ತದೆ, ಒಳಗೆ ಯಾವುದೂ ಸರಿಯಿರುವುದಿಲ್ಲ. "ಮೈ ತುಂಬಿಕೊಂಡಿದ್ದಾಳೆ, ಇವಳಿಗೇನು ರಕ್ತ ಕಡಿಮೆ?" ಎಂಬ ಮಾತು ಮನೆಗಳಲ್ಲಿ ಇನ್ನೂ ಕೇಳಿಬರುತ್ತಿರುವುದು ಬೇಸರದ ಸಂಗತಿ.

ಬಾಗದ ಕಣ, ಕಟ್ಟುವ ಉಸಿರು

ಕೆಂಪುಕಣದ ಅಗಲ ಸುಮಾರು 8 ಮೈಕ್ರೋಮೀಟರ್. ಎಷ್ಟೋ ಲೋಮನಾಳಗಳ ಅಗಲ 5 ಅಥವಾ 6 ಮಾತ್ರ. ಕಣ ಮಡಚಿಕೊಂಡು, ಒಂದರ ಹಿಂದೊಂದಾಗಿ ನುಸುಳಬೇಕು. ಬೊಜ್ಜಿನ ಬೆನ್ನಿಗೇ ಸಕ್ಕರೆ ಕಾಯಿಲೆ ಬಂದರೆ ಸಕ್ಕರೆ ಕಣದ ಪ್ರೋಟೀನುಗಳಿಗೆ ಅಂಟಿ ಕಣ ಬಿರುಸಾಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಹೀಗೆ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನೇ. ಬಿರುಸಾದ ಕಣ ಕಣ್ಣಿನ ಪರದೆ, ಮೂತ್ರಪಿಂಡ, ಪಾದ ಇಂಥ ಕಡೆಯ ಸಪೂರ ನಾಳಗಳಲ್ಲಿ ಸಲೀಸಾಗಿ ದಾಟುವುದಿಲ್ಲ.

ರಕ್ತದ ಜಿಡ್ಡಿನಿಂದ, ಅಂದರೆ ಟ್ರೈಗ್ಲಿಸರೈಡ್‌ನಿಂದ, ಮಂದತೆ ಅಷ್ಟೇನೂ ಏರುವುದಿಲ್ಲ. ಅದು ವಿಪರೀತ ಏರಿದವರ ರಕ್ತದ ಪ್ಲಾಸ್ಮಾ ಮಾತ್ರ ಬೆಳ್ಳಗೆ ಮಬ್ಬಾಗಿ ಕಾಣುತ್ತದೆ. ಇದನ್ನು ನೋಡಿದವರು ತುಪ್ಪ ಬಿಡುತ್ತಾರೆ, ತಟ್ಟೆಯ ಅನ್ನವನ್ನೂ ಕಾಫಿಯ ಸಕ್ಕರೆಯನ್ನೂ ಬಿಡುವುದಿಲ್ಲ. ಹೆಚ್ಚಾದ ಅನ್ನ, ಸಕ್ಕರೆಯನ್ನು ಟ್ರೈಗ್ಲಿಸರೈಡ್ ಮಾಡುವುದು ಯಕೃತ್ತಿಗೆ ನಿತ್ಯದ ಕೆಲಸ.

ಗೊರಕೆಯನ್ನೂ ಇಲ್ಲಿ ಸೇರಿಸಬೇಕು. ಕುತ್ತಿಗೆಯಲ್ಲಿ ಕೊಬ್ಬು ಹೆಚ್ಚಿದವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಪದೇಪದೇ ನಿಲ್ಲುತ್ತದೆ. ಪ್ರತಿಬಾರಿಯೂ ರಕ್ತದ ಆಮ್ಲಜನಕ ಕುಸಿಯುತ್ತದೆ. ಇದು ದೀರ್ಘವಾದರೆ ಮೂತ್ರಪಿಂಡ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಸ್ರವಿಸಿ ಕೆಂಪುಕಣಗಳನ್ನು ಹೆಚ್ಚಿಸುತ್ತದೆ. ಹಗಲಲ್ಲೂ ಉಸಿರಾಟ ಸಾಲದಷ್ಟು ಸ್ಥೂಲವಾದವರಲ್ಲಿ ಪಿಸಿವಿ ಗಮನಾರ್ಹವಾಗಿ ಏರಬಹುದು. ಜೋರು ಗೊರಕೆ, ಹಗಲು ತೂಕಡಿಕೆ, ಏರಿದ ಪಿಸಿವಿ ಮೂರೂ ಇದ್ದವರು ನಿದ್ರೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಮಂದತೆ ದೊಡ್ಡದೋ, ನಾಳದ ಅಗಲ ದೊಡ್ಡದೋ?

ಫ್ರಾನ್ಸಿನ ವೈದ್ಯ ಪ್ವಾಸೇ 1840ರ ಆಸುಪಾಸಿನಲ್ಲಿ ಸಪೂರ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮ ಕಂಡುಕೊಂಡರು. ಒತ್ತಡ ಅಷ್ಟೇ ಇದ್ದು ದ್ರವ ನೂರಕ್ಕೆ 10ರಷ್ಟು ಮಂದವಾದರೆ ಹರಿವು ಸುಮಾರು 9ರಷ್ಟು ತಗ್ಗುತ್ತದೆ. ಕೊಳವೆಯ ಅಗಲವೇ ನೂರಕ್ಕೆ 10ರಷ್ಟು ಕಿರಿದಾದರೆ ಹರಿವು ಸುಮಾರು 34ರಷ್ಟು ತಗ್ಗುತ್ತದೆ. ದೇಹದ ನಾಳ ಗಾಜಿನದಲ್ಲ, ಹಿಗ್ಗುತ್ತದೆ, ಕುಗ್ಗುತ್ತದೆ. ಆದರೂ ಯಾವುದರ ತೂಕ ಎಷ್ಟು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಆರೋಗ್ಯವಂತ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಹಿಗ್ಗಿಸುತ್ತದೆ. ರಕ್ತ ತುಸು ಮಂದವಾದರೆ ಹೀಗೆ ಹಿಗ್ಗಿ ಸರಿದೂಗಿಸಿಕೊಳ್ಳುತ್ತದೆ. ಹೊಟ್ಟೆಯ ಬೊಜ್ಜು, ಇನ್ಸುಲಿನ್‌ಗೆ ಮೈ ಸ್ಪಂದಿಸದಿರುವುದು, ಉರಿಯೂತ ಸೇರಿ ಆ ಬಿಡುಗಡೆಯನ್ನೇ ತಗ್ಗಿಸುತ್ತವೆ. ಹೆಚ್ಚಿದ ಮೈಗೆ ರಕ್ತ ಒದಗಿಸಲು ಒಟ್ಟು ರಕ್ತದ ಪ್ರಮಾಣವೂ ಹೃದಯ ನಿಮಿಷಕ್ಕೆ ದೂಡುವ ಪ್ರಮಾಣವೂ ಹೆಚ್ಚುತ್ತವೆ. ಹಿಗ್ಗಲಾರದ ನಾಳದಲ್ಲಿ ಹೆಚ್ಚು ರಕ್ತವನ್ನು ನೂಕಬೇಕು ಎಂದರೆ ರಕ್ತದೊತ್ತಡ ಏರಲೇಬೇಕು. ಎಡಹೃತ್ಕುಕ್ಷಿಯ ಸ್ನಾಯು ದಪ್ಪವಾಗುವುದು ಇದರ ಮುಂದಿನ ಹಂತ.

ಎಡಿನ್‌ಬರೊದಲ್ಲಿ 55ರಿಂದ 74 ವಯಸ್ಸಿನ 1,592 ಮಂದಿಯನ್ನು ಐದು ವರ್ಷ ಗಮನಿಸಿದ ಅಧ್ಯಯನದಲ್ಲಿ ರಕ್ತದ ಸ್ನಿಗ್ಧತೆ, ಫೈಬ್ರಿನೋಜನ್ ಹೆಚ್ಚಿದ್ದವರಿಗೆ ಹೃದ್ರೋಗ, ಪಾರ್ಶ್ವವಾಯು ಹೆಚ್ಚು ಬಂದವು. ಆದರೆ ಹುಟ್ಟಿನಿಂದಲೇ ಜೀನಿನ ಕಾರಣ ಫೈಬ್ರಿನೋಜನ್ ತುಸು ಹೆಚ್ಚಿರುವವರಲ್ಲಿ ಹೃದಯಾಘಾತ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ ಎಂದು ನಂತರದ ಆನುವಂಶಿಕ ಅಧ್ಯಯನಗಳು ತೋರಿಸಿವೆ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಅನ್ನಿಸುವುದು ಇಷ್ಟು: ಮಂದತೆ ಒಬ್ಬಂಟಿ ಅಪರಾಧಿಯಲ್ಲ. ಒಳಗೆ ಉರಿಯೂತ ನಡೆದಿದೆ ಎಂಬುದಕ್ಕೆ ಅದು ಸಾಕ್ಷಿ, ನಾಳ ಕೆಟ್ಟ ಮೇಲೆ ಹಾನಿಗೆ ಕೈಜೋಡಿಸುವ ಪಾಲುದಾರ.

ಮೈಸೂರಿನ ಕೂಸುಗಳು ಹೇಳಿದ್ದು

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಬರೆದಿಟ್ಟಿದ್ದರು. ಆ ದಾಖಲೆಗಳ ಬೆಲೆ ಗೊತ್ತಾದದ್ದು ಆರು ದಶಕಗಳ ನಂತರ. ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಮೈಸೂರಿನ ವೈದ್ಯರ ಜೊತೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಊರಿನಲ್ಲೇ ಇದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿತು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚು. ಹುಟ್ಟುತೂಕ 2.5 ಕಿಲೋ ಅಥವಾ ಕಡಿಮೆ ಇದ್ದು, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದವರಲ್ಲಿ ನೂರಕ್ಕೆ 20 ಮಂದಿಗೆ ಹೃದ್ರೋಗವಿತ್ತು.

ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನ ಶುರುವಾಯಿತು. 830 ಬಸುರಿಯರು ಒಪ್ಪಿ ಸೇರಿಕೊಂಡರು. ಹುಟ್ಟಿದ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಅಳೆಯುತ್ತ ಬಂದರು. ಬ್ರಿಟನ್ನಿನ ಮಕ್ಕಳಿಗಿಂತ ಮೈಸೂರಿನ ಕೂಸುಗಳು ಹಗುರ, ತೋಳಿನ ಸ್ನಾಯು ತೆಳು. ಆದರೆ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗಿನ ಚರ್ಮವನ್ನು ಚಿಮುಟದಂಥ ಉಪಕರಣದಿಂದ ಹಿಡಿದು ಅಳೆದಾಗ ಅಲ್ಲಿನ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಆ ಜಾಗದ ಕೊಬ್ಬು ಬ್ರಿಟನ್ನಿನ ಮಕ್ಕಳ ಮಾನದಂಡವನ್ನೂ ದಾಟಿತ್ತು. ಸಣ್ಣ ಮೈ, ಕಡಿಮೆ ಸ್ನಾಯು, ನಡುಮೈಯಲ್ಲಿ ಕೊಬ್ಬು. ಇದು ಹುಟ್ಟಿನಿಂದಲೇ ಬಂದದ್ದು. ಬೊಜ್ಜು ಬಂದವರನ್ನು ಬಾಯಿಚಪಲದವರೆಂದು ಆಡಿಕೊಳ್ಳುವ ಮುನ್ನ ಈ ಅಂಕಿಗಳನ್ನು ನೋಡಬೇಕು. ಅವರ ಅಜ್ಜಿ, ತಾಯಿ ಉಂಡ ಅರೆಹೊಟ್ಟೆಯೂ ಈ ಲೆಕ್ಕದಲ್ಲಿದೆ.

ಈ ಕಾರಣಕ್ಕೇ ಬೊಜ್ಜಿನ ಗಡಿ ನಮಗೆ ಬೇರೆ. ಪಾಶ್ಚಾತ್ಯರಿಗೆ ದೇಹತೂಕ ಸೂಚ್ಯಂಕ 30 ದಾಟಿದರೆ ಬೊಜ್ಜು. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25ಕ್ಕೇ ಬೊಜ್ಜು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ, ಗಂಡಸರೂ ಹೆಂಗಸರೂ ಸಮಸಮವಾಗಿ, 25ರ ಗೆರೆ ಮುಟ್ಟಿದ್ದರು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ರಾಷ್ಟ್ರಮಟ್ಟದ ಅಧ್ಯಯನದಲ್ಲಿ ಸೂಚ್ಯಂಕದ ಪ್ರಕಾರ ಬೊಜ್ಜಿರುವವರು ನೂರಕ್ಕೆ 28.6, ಹೊಟ್ಟೆಯ ಬೊಜ್ಜಿರುವವರು 39.5. ತಕ್ಕಡಿಗೆ ಸಿಗದೆ ಟೇಪಿಗೆ ಸಿಗುವ ಮಂದಿ ಅಷ್ಟಿದ್ದಾರೆ.

ಟೇಪು ಹಿಡಿಯುವ ಜಾಗ ಪ್ಯಾಂಟಿನ ಬೆಲ್ಟು ಕೂರುವಲ್ಲಿ ಅಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳಬಾರದು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ಕಾಲಿನಲ್ಲಿ ನಿಲ್ಲುವ ರಕ್ತ

ಜರ್ಮನಿಯ ರುಡಾಲ್ಫ್ ವಿರ್ಕೋ 1850ರ ದಶಕದಲ್ಲಿ ಮಾಡಿದ ಕೆಲಸದ ಮೇಲೆ ನಿಂತ ಒಂದು ಸೂತ್ರವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ: ಹರಿವು ನಿಧಾನವಾಗುವುದು, ನಾಳದ ಒಳಗೋಡೆ ಕೆಡುವುದು, ರಕ್ತ ಹೆಪ್ಪುಗಟ್ಟಲು ಹವಣಿಸುವುದು, ಈ ಮೂರರಿಂದ ಹೆಪ್ಪು. ಬೊಜ್ಜಿನಲ್ಲಿ ಮೂರೂ ಇವೆ. ದೊಡ್ಡ ಹೊಟ್ಟೆಯ ಒತ್ತಡದಿಂದ ಕಾಲಿನ ರಕ್ತ ಮೇಲೇರುವುದು ತಡವಾಗುತ್ತದೆ. ಕಾಲಿನ ಆಳದ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಅಪಾಯ ಸ್ಥೂಲಕಾಯದವರಿಗೆ ಎರಡು-ಮೂರು ಪಟ್ಟು. ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಾಗ, ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹಿರಿಯರು ಇಡೀ ದಿನ ವಿಮಾನದಲ್ಲಿ ಕೂತಾಗ ಇದು ಇನ್ನೂ ಹೆಚ್ಚುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಅದರ ಬೆನ್ನಿಗೆ ಹಠಾತ್ ಉಬ್ಬಸ ಅಥವಾ ಎದೆನೋವು ಬರುವುದು ಎಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

"ತೆಳು ಮಾಡುವ" ಮಾತ್ರೆ

ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು ರಕ್ತದ ಪ್ಲೇಟ್‌ಲೆಟ್ ಎಂಬ ಕಣಗಳು ಒಟ್ಟುಗೂಡದಂತೆ ತಡೆಯುತ್ತವೆ. ವಾರ್ಫರಿನ್‌ನಂಥವು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಡೆಯುತ್ತವೆ. ರಕ್ತದ ಸ್ನಿಗ್ಧತೆಯನ್ನು ಇವು ತಗ್ಗಿಸುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಹೃದಯಾಘಾತ ಆದವರಿಗೆ ಇವು ಜೀವ ಉಳಿಸುವ ಔಷಧಗಳು, ಒಂದು ದಿನವೂ ತಾವಾಗಿ ಬಿಡುವಂತಿಲ್ಲ. ಆದರೆ ಹೃದ್ರೋಗವಿಲ್ಲದವರು "ಇರಲಿ" ಎಂದು ದಿನಾ ಆಸ್ಪಿರಿನ್ ನುಂಗುವುದು ಬೇರೆ ಮಾತು. 2018ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳು ಅಂಥವರಲ್ಲಿ ರಕ್ತಸ್ರಾವದ ಅಪಾಯ ಲಾಭವನ್ನು ನುಂಗಿಹಾಕುತ್ತದೆ ಎಂದೇ ತೋರಿಸಿವೆ. ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ಕೊಳ್ಳುವ ಅಭ್ಯಾಸ ನಿಲ್ಲಬೇಕು.

ಬೆಳ್ಳುಳ್ಳಿ ಸಾರಿಗೆ ಒಳ್ಳೆಯದು, ಮಾತ್ರೆಯ ಬದಲಿಗೆ ಆಗದು. ವಾರ್ಫರಿನ್ ತೆಗೆದುಕೊಳ್ಳುವವರು ಬೆಳ್ಳುಳ್ಳಿಯ ಕ್ಯಾಪ್ಸೂಲ್ ಸೇರಿಸಿಕೊಂಡರೆ ರಕ್ತಸ್ರಾವ ಹೆಚ್ಚಬಹುದು. ನೀರು ಕಡಿಮೆ ಕುಡಿದಾಗ ಪಿಸಿವಿ ತಾತ್ಕಾಲಿಕವಾಗಿ ಏರುವುದು ನಿಜ, ಆದ್ದರಿಂದ ಬಿಸಿಲಲ್ಲಿ ದುಡಿಯುವವರು ಸಾಕಷ್ಟು ಕುಡಿಯಬೇಕು. ಆದರೆ ಕೊಬ್ಬು ಮಾಡಿಸುವ ಫೈಬ್ರಿನೋಜನ್ ನೀರು ಕುಡಿದರೆ ಹೋಗದು.

ನಡೆದಾಗ, ಇಳಿದಾಗ

ವ್ಯಾಯಾಮದ ಫಲ ತೂಕ ಇಳಿಯುವ ಮೊದಲೇ ಶುರುವಾಗುತ್ತದೆ. ನಿತ್ಯ ಬಿರುಸಾಗಿ ನಡೆಯುವವರಲ್ಲಿ ಕೆಲವೇ ವಾರಗಳಲ್ಲಿ ಪ್ಲಾಸ್ಮಾದ ಪ್ರಮಾಣ ಹೆಚ್ಚಿ, ಅದೇ ಕಣಗಳು ಹೆಚ್ಚು ದ್ರವದಲ್ಲಿ ತೇಲುತ್ತವೆ. ಹರಿವಿನ ಉಜ್ಜುವಿಕೆಗೆ ನಾಳದ ಒಳಪದರ ಮತ್ತೆ ನೈಟ್ರಿಕ್ ಆಕ್ಸೈಡ್ ಬಿಡತೊಡಗುತ್ತದೆ. ಅಗ್ರಹಾರದವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ದೂರವೇನಲ್ಲ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೂ ಇವೆ. ನಡೆದರೆ ಎದೆ ಹಿಡಿಯುವವರು, ಬಹಳ ವರ್ಷ ಕೂತೇ ಕಳೆದವರು ಮೆಟ್ಟಿಲಿಗೆ ಮುನ್ನ ವೈದ್ಯರನ್ನು ಕಾಣಬೇಕು, ಸಮತಟ್ಟು ನೆಲದಿಂದ ಶುರುಮಾಡಬೇಕು.

ತೂಕ ಇಳಿದಾಗ ಪಿಎಐ-1 ಸ್ಪಷ್ಟವಾಗಿ ತಗ್ಗುತ್ತದೆ, ಟ್ರೈಗ್ಲಿಸರೈಡ್ ತಗ್ಗುತ್ತದೆ. ಫೈಬ್ರಿನೋಜನ್ ಮೊಂಡು, ಅದು ತಗ್ಗಲು ತೂಕ ಹೆಚ್ಚು ಇಳಿಯಬೇಕು, ಇಳಿದದ್ದು ಉಳಿಯಬೇಕು. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಸಕ್ಕರೆ ಹತೋಟಿಗೆ ಬಂದರೂ ಹಳೆಯ ಬಿರುಸು ಕಣಗಳೆಲ್ಲ ಹೋಗಿ ಹೊಸ ಕಣಗಳು ತುಂಬಲು ಮೂರು-ನಾಲ್ಕು ತಿಂಗಳು ಹಿಡಿಯುತ್ತದೆ. ಎಚ್‌ಬಿಎ1ಸಿ ಪರೀಕ್ಷೆಯನ್ನು ವೈದ್ಯರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸುವುದು ಈ ಕಾರಣಕ್ಕೆ. ಮೊದಲ ತಿಂಗಳ ವರದಿ ನೋಡಿ ಎದೆಗುಂದಿ ನಡಿಗೆ ಬಿಟ್ಟವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.